ದಾಸವಾಳದ ರಸ ಮೊದಲೇ ಹಸಿರಾಗುತ್ತಿದ್ದರೆ

ಆಮ್ಲದಲ್ಲಿ ಕೆಂಪಾಗಿ, ಪ್ರತ್ಯಾಮ್ಲದಲ್ಲಿ ಹಸಿರಾಗಿ ಅವೆರಡನ್ನೂ ಗುರುತಿಸಲು ನೆರವಾಗುವ ದಾಸವಾಳದ ರಸ, ಲಿಂಗಸುಗೂರಿನ ನಿಮ್ಮ ಶಾಲೆಯ ಪ್ರಯೋಗದಲ್ಲಿ ಏನನ್ನೂ ಬೆರೆಸುವ ಮುನ್ನವೇ ಹಸಿರಾಗುತ್ತಿದೆ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಕೊಳವೆಬಾವಿಯ ನೀರೇ ಕಾರಣವಿರಬೇಕು. ಅದರಲ್ಲಿ ಕರಗಿರುವ ಬೈಕಾರ್ಬೊನೇಟ್, ಕಾಯಿಸಿದಾಗ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ನೀರನ್ನು ಇನ್ನಷ್ಟು ಪ್ರತ್ಯಾಮ್ಲೀಯವಾಗಿಸುತ್ತದೆ, ಎಸಳಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವಸ್ತು ಅದಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಮೊದಲು ಆ ಹಸಿರು ರಸಕ್ಕೆ ಹನಿಹನಿಯಾಗಿ ನಿಂಬೆರಸ ಹಾಕಿ ನೋಡಿ. ಕೆಂಪಿಗೆ ತಿರುಗಿದರೆ ಹೂವಿನಲ್ಲಿ ದೋಷವಿಲ್ಲ. ಅನಂತರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು (ಆಸಿಡ್ ಬಾಟಲಿಯೂ ಅದೇ ಅಂಗಡಿಯಲ್ಲಿರುತ್ತದೆ, ಹೆಸರನ್ನು ಓದಿಯೇ ಕೊಳ್ಳಿ) ಬಿಸಿಮಾಡಿ, ಎಸಳುಗಳನ್ನು ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಆಮ್ಲಕ್ಕೆ ನಿಂಬೆರಸವನ್ನೂ ಪ್ರತ್ಯಾಮ್ಲಕ್ಕೆ ಸುಣ್ಣದ ತಿಳಿನೀರನ್ನೂ ಬಳಸಿ, ಏನೂ ಬೆರೆಸದ ರಸವನ್ನು ಹೋಲಿಕೆಗಾಗಿ ಪಕ್ಕದಲ್ಲಿಡಿ. ರಸ ಬೇಗ ಮಂಕಾಗುವುದರಿಂದ ಪ್ರಯೋಗವನ್ನು ಅಂದೇ ಮುಗಿಸಿ.