ಚಂದ್ರಗಿರಿಯ ಆಚೆ ಈಚೆ ಒಂದು ದಿನ

ಪ್ರಶ್ನೆ: ನಾವು ಬದಿಯಡ್ಕದ ಸಮೀಪದವರು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಾದರೂ ನಮ್ಮದೇ ಜಿಲ್ಲೆಯ ಚಾರಿತ್ರಿಕ ಸ್ಥಳಗಳನ್ನು ಇಬ್ಬರೂ ಜೊತೆಯಾಗಿ ನೋಡಿದ್ದಿಲ್ಲ. ಬರುವ ತಿಂಗಳು ಒಂದು ದಿನ ಕಾರಿನಲ್ಲಿ ಹೊರಡಬೇಕೆಂದಿದ್ದೇವೆ. ನನಗೆ ಸಾಹಿತ್ಯದ ಒಲವು, ನನ್ನ ಯಜಮಾನರಿಗೆ ಕೋಟೆಗಳೆಂದರೆ ಪ್ರಾಣ. ಅವರ ಪಟ್ಟಿಯಲ್ಲಿ ಬೇಕಲ, ಚಂದ್ರಗಿರಿ, ಹೊಸದುರ್ಗ, ಪೊವ್ವಲ್, ಆರಿಕ್ಕಾಡಿ ಎಂದು ಐದು ಕೋಟೆಗಳಿವೆ. ನಾನು ಸೇರಿಸಿರುವುದು ಅನಂತಪುರದ ಕೆರೆ ದೇವಸ್ಥಾನ ಮತ್ತು ಮಂಜೇಶ್ವರದಲ್ಲಿರುವ ಕವಿ ಗೋವಿಂದ ಪೈಗಳ ಸ್ಮಾರಕ ಗಿಳಿವಿಂಡು. ಎಲ್ಲವೂ ಒಂದೇ ದಿನದಲ್ಲಿ ಆಗುವುದೇ? ಯಾವ ಕ್ರಮದಲ್ಲಿ ಹೋಗಬೇಕು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಹಿಂದೊಮ್ಮೆ ನಾನು ಒಂದೇ ದಿನದಲ್ಲಿ ನಾಲ್ಕು ಕೋಟೆಗಳನ್ನು ತೋರಿಸುತ್ತೇನೆಂದು ಮನೆಯವರನ್ನು ಕರೆದೊಯ್ದಿದ್ದೆ, ಮೂರನೆಯದರ ಹೊತ್ತಿಗೆ ಅವರು ಕಾರಿನಿಂದ ಇಳಿಯಲೇ ಇಲ್ಲ, ನಾಲ್ಕನೆಯದನ್ನು ನಾನೂ ನೋಡಲಿಲ್ಲ. ಆದುದರಿಂದ ಪೊವ್ವಲ್ ಮತ್ತು ಹೊಸದುರ್ಗಗಳನ್ನು ಇನ್ನೊಂದು ದಿನಕ್ಕೆ ಬಿಡಿ. ಆರಿಕ್ಕಾಡಿ ಕೋಟೆ ಕುಂಬಳೆ ಹೊಳೆಯ ಬಳಿ ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ, ಹೋಗುವಾಗ ಹತ್ತು ನಿಮಿಷ ನಿಂತರೆ ಸಾಕು.

ಬದಿಯಡ್ಕದಿಂದ ಕುಂಬಳೆಗೆ ಬರುವ ನಿಮಗೆ ಅನಂತಪುರ ಮೊದಲು ಸಿಗುತ್ತದೆ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದೇ ಎಂಬ ನಂಬಿಕೆ ನಿಮಗೆ ಗೊತ್ತೇ ಇದೆ. ನೀರಿನ ನಡುವಿನ ಗರ್ಭಗುಡಿಯ ಮೂಲ ವಿಗ್ರಹಗಳು ಕಡುಶರ್ಕರ ಪಾಕದವಾಗಿದ್ದವು, ಅಂದರೆ ಕಲ್ಲಿನಿಂದಾಗಲಿ ಲೋಹದಿಂದಾಗಲಿ ಮಾಡಿದವಾಗಿರಲಿಲ್ಲ ಎಂಬುದನ್ನು ಗಮನಿಸಿ. 2022ರ ಅಕ್ಟೋಬರಿನಲ್ಲಿ ತೀರಿಹೋದ ಬಬಿಯಾ ಮೊಸಳೆಯನ್ನು ನೆನೆಯದೆ ಆ ಕೆರೆಯ ದಂಡೆಯಿಂದ ಹಿಂದಿರುಗುವವರು ಈಗಲೂ ಕಡಿಮೆ.

ಅಲ್ಲಿಂದ ಉತ್ತರಕ್ಕೆ, ಮಂಜೇಶ್ವರಕ್ಕೆ. ಯಜಮಾನರು ಕವಿಯ ಮನೆಯಲ್ಲಿ ಬೇಸರಪಟ್ಟಾರೆಂಬ ಅಂಜಿಕೆ ನಿಮಗಿರಬಹುದು, ಆದರೆ ಗೋವಿಂದ ಪೈಗಳು ಕಾವ್ಯದಷ್ಟೇ ಶ್ರದ್ಧೆಯಿಂದ ಇತಿಹಾಸ ಸಂಶೋಧನೆಯಲ್ಲಿ, ಅದರಲ್ಲೂ ಕಾಲನಿರ್ಣಯದ ಜಗಳಗಳಲ್ಲಿ, ತೊಡಗಿದ್ದವರು. ಅವರ ನಿವಾಸವನ್ನೇ ಸ್ಮಾರಕವಾಗಿ ಉಳಿಸಿ, ಅವರ ಮೊದಲ ಕವನ ಸಂಕಲನದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟದ್ದು ಮದ್ರಾಸ್ ಸರಕಾರ, ಏಕೆಂದರೆ ಮಂಜೇಶ್ವರ ಆಗ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1963ರಲ್ಲಿ ಅವರು ತೀರಿಕೊಂಡಾಗ ಅದೇ ಊರು ಕೇರಳದಲ್ಲಿತ್ತು. ಊರು ಕದಲಲಿಲ್ಲ, ಗಡಿ ಕದಲಿತು. ಇಂತಹ ಸಣ್ಣ ಸ್ಮಾರಕಗಳಿಗೆ ಹೋಗುವ ಮುನ್ನಾದಿನ ಫೋನ್ ಮಾಡಿ ವಿಚಾರಿಸಿಕೊಳ್ಳುವುದು ಕ್ಷೇಮ. ಬೀಗ ಹಾಕಿದ ಗೇಟಿನ ಮುಂದೆ ನಿಂತು ವಾಚ್‌ಮನ್‌ಗಾಗಿ ಕಾದ ಅನುಭವ ನನಗೂ ಉಂಟು.

ಮತ್ತೆ ದಕ್ಷಿಣಕ್ಕೆ ತಿರುಗಿ, ಕಾಸರಗೋಡು ಪೇಟೆಯಲ್ಲಿ ಊಟ ಮುಗಿಸಿ, ಸೇತುವೆ ದಾಟಿ ಚಂದ್ರಗಿರಿ ಕೋಟೆಗೆ ಹೋಗಿ. ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ಬೇಕಲಕ್ಕೆ ಓಡುತ್ತಾರೆ. ನನಗೇನೋ ದಿನದ ನಡುಗಂಬ ಇದೇ ಎನಿಸುತ್ತದೆ. ಏಳು ಎಕರೆಯಷ್ಟು ವಿಸ್ತಾರದ, ಕೆಂಪುಕಲ್ಲಿನ ಈ ಸಣ್ಣ ಕೋಟೆಯನ್ನು 17ನೇ ಶತಮಾನದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಗೋಡೆಯ ಮೇಲಿನಿಂದ ಪಯಸ್ವಿನಿ, ಅಂದರೆ ಚಂದ್ರಗಿರಿ ಹೊಳೆ, ಕಡಲು ಸೇರುವ ದಿಕ್ಕಿಗೆ ಮುಖಮಾಡಿ ನಿಲ್ಲಿ. ಒಂದು ಕಾಲಕ್ಕೆ ತುಳುನಾಡಿಗೂ ಕೋಲತ್ತಿರಿ ಅರಸರ ನಾಡಿಗೂ ನಡುವಿನ ಎಲ್ಲೆ ಈ ಹೊಳೆಯೇ ಆಗಿತ್ತು. 1956ರ ನವೆಂಬರ್ 1ರಂದು ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಹೋದ ಮೇಲೆ, ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದಾಗಲೂ ಗೆರೆಯಾಗಿ ನಿಂತದ್ದು ಇದೇ ನೀರು. ಬೆಳಗ್ಗೆ ಗಿಳಿವಿಂಡಿನಲ್ಲಿ ಓದಿಕೊಂಡದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ, ನಿಮ್ಮ ಸಾಹಿತ್ಯವೂ ಅವರ ಕೋಟೆಯೂ ಒಂದೇ ಮಾತಿಗೆ ಬಂದು ನಿಲ್ಲುತ್ತವೆ.

ಬೇಕಲಕ್ಕೆ ನಾಲ್ಕು ಗಂಟೆಯೊಳಗೆ ತಲುಪಿ. ಇದೂ ಶಿವಪ್ಪ ನಾಯಕನದೇ. ವಿಸ್ತಾರ ಮಾತ್ರ ನಲವತ್ತು ಎಕರೆ. 1763ರಲ್ಲಿ ಹೈದರಾಲಿಯ ಕೈಸೇರಿತು, ಟಿಪ್ಪುವಿನ ನಂತರ ಕುಂಪಣಿಗೆ ಹೋಯಿತು, ಒಂದಷ್ಟು ಕಾಲ ತಾಲೂಕಿನ ಕೇಂದ್ರವೂ ಆಯಿತು. ಯಜಮಾನರಿಗೆ ಎರಡು ಸಂಗತಿಗಳನ್ನು ತೋರಿಸಿ: ನಡುವಿನ ವೀಕ್ಷಣಾ ಗೋಪುರಕ್ಕೆ ಏರಲು ಮೆಟ್ಟಿಲುಗಳಿಲ್ಲ, ಅಗಲವಾದ ಇಳಿಜಾರು ದಾರಿಯಿದೆ, ಕಡಲ ಕಡೆಯ ಗೋಡೆಯಲ್ಲಿನ ರಂಧ್ರಗಳು ಬೇರೆ ಬೇರೆ ಎತ್ತರದಲ್ಲಿದ್ದು, ಮೇಲಿನವು ದೂರದ ಶತ್ರುವಿಗೆ, ಕೆಳಗಿನವು ಹತ್ತಿರ ಬಂದವನಿಗೆ ಗುರಿಯಿಡಲು. ಬಾಗಿಲ ಬಳಿಯ ಆಂಜನೇಯನ ಗುಡಿಗೆ ನೀವು ಹೋಗಿ ಬರುವಷ್ಟರಲ್ಲಿ ಅವರು ಅರ್ಧ ಗೋಡೆ ಸುತ್ತಿರುತ್ತಾರೆ. ಕೆಂಪುಕಲ್ಲು ಸಂಜೆಯವರೆಗೂ ಬಿಸಿಯನ್ನು ಬಿಡುವುದಿಲ್ಲ, ಒಳಗೆ ನೆರಳೂ ಕಡಿಮೆ. ಕೊಡೆ, ನೀರು ಕೈಯಲ್ಲಿರಲಿ, ಬೊಂಡವನ್ನು ಹೊರಗೆ ಬಂದ ಮೇಲೆ ಕುಡಿಯಬಹುದು.