ಕ್ಯಾಂಪಸ್ ಗೇಟಿನ ಹೊರಗೆ: ಎಲ್ಲಿ ತಿನ್ನೋದು, ಎಲ್ಲಿ ಕೊಳ್ಳೋದು?

ಪ್ರಶ್ನೆ: ಈ ವರ್ಷ ವಿಶ್ವವಿದ್ಯಾಲಯಕ್ಕೆ ಸೇರಿದ್ದೇನೆ. ಹಾಸ್ಟೆಲ್ ಊಟ ಬೇಜಾರಾಗಿದೆ. ಗೇಟಿನ ಹೊರಗೆ ಸಾಲು ಸಾಲು ಹೋಟೆಲ್, ಗಾಡಿಗಳು ಇವೆ. ಸೀನಿಯರ್‌ಗಳು ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ. ಹೋದ ವಾರ ಹೊಟ್ಟೆ ಕೆಟ್ಟು ಕ್ಲಾಸ್ ತಪ್ಪಿತು. ಒಳ್ಳೆ ಜಾಗ ಗುರುತಿಸೋದು ಹೇಗೆ?
– ಮೊದಲ ವರ್ಷದ ವಿದ್ಯಾರ್ಥಿನಿ

ಉತ್ತರ: ಮೊದಲು ಹೊಟ್ಟೆ ಪೂರ್ತಿ ಸುಧಾರಿಸಲಿ. ನೀರು, ಓಆರ್‌ಎಸ್ ಚೆನ್ನಾಗಿ ಕುಡೀರಿ. ಭೇದಿ ನಿಲ್ಲದಿದ್ದರೆ, ಜ್ವರ ಬಂದರೆ, ರಕ್ತ ಕಂಡರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಇನ್ನು ಹೋಟೆಲ್ ವಿಷಯ. ಬೋರ್ಡು, ಲೈಟು, ರುಚಿ ಇವೆಲ್ಲಕ್ಕಿಂತ ಮೊದಲು ಹೊತ್ತು ನೋಡಿ. ಕ್ಯಾಂಪಸ್ ಪಕ್ಕದ ಹೋಟೆಲಿಗೆ ಇಡೀ ದಿನ ಒಂದೇ ಸಮ ಜನ ಬರುವುದಿಲ್ಲ. ಕ್ಲಾಸ್ ಬಿಟ್ಟಾಗ ಒಮ್ಮೆಲೇ ನುಗ್ಗುತ್ತಾರೆ, ಆಮೇಲೆ ಪೂರ್ತಿ ಖಾಲಿ. ಜನ ನುಗ್ಗುವ ಹೊತ್ತಲ್ಲಿ ಪಾತ್ರೆ ಬೇಗ ಬರಿದಾಗುತ್ತದೆ, ಹೊಸದು ಒಲೆಯಿಂದ ಇಳಿಯುತ್ತಾ ಇರುತ್ತದೆ. ಅದೇ ಹೋಟೆಲಿಗೆ ಸಂಜೆ ನಾಲ್ಕಕ್ಕೆ ಹೋಗಿ ಊಟ ಕೇಳಿದರೆ, ಮಧ್ಯಾಹ್ನ ಮಾಡಿಟ್ಟದ್ದೇ ಉಗುರುಬೆಚ್ಚಗೆ ಕೂತಿರಬಹುದು. ಸೀನಿಯರ್‌ಗಳು ಹೋಟೆಲಿನ ಹೆಸರು ಹೇಳ್ತಾರೆ, ಎಷ್ಟು ಹೊತ್ತಿಗೆ ಹೋಗಬೇಕು ಅಂತ ಹೇಳಲ್ಲ, ಅಲ್ವಾ? ಅದನ್ನೂ ಕೇಳಿ.

ಉಗುರುಬೆಚ್ಚಗಿದ್ದರೆ ಏನು ತೊಂದರೆ? 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಬಿಸಿಯಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಹಾಗಾಗಿ ಬೇಯಿಸಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಹಾಗೇ ಇಡಬಾರದು, ಒಂದೋ 60ಕ್ಕಿಂತ ಬಿಸಿಯಾಗಿರಬೇಕು, ಇಲ್ಲ ಫ್ರಿಜ್‌ನಲ್ಲಿ 5ಕ್ಕಿಂತ ಕೆಳಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಿಮ್ಮ ಕೈಯಲ್ಲಿ ಥರ್ಮಾಮೀಟರ್ ಇರಲ್ಲ, ಕಣ್ಣು ಸಾಕು. ಬಡಿಸುವವರು ಮುಚ್ಚಳ ತೆಗೆದಾಗ ಹಬೆ ಏಳಬೇಕು. ಹಬೆ ಇಲ್ಲದೆ ಮೇಲೆ ಕೆನೆಗಟ್ಟಿದ್ದರೆ, ಪಾತ್ರೆಯ ಅಂಚಿನಲ್ಲಿ ಒಣಗಿ ಅಂಟಿಕೊಂಡಿದ್ದರೆ ಬೇಡ ಅನ್ನಿ.

ಅನ್ನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇದು ತುಂಬ ಜನಕ್ಕೆ ಗೊತ್ತಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಇದ್ದರೆ ಅದು ಬೆಳೆದು ವಿಷ ಬಿಡುತ್ತದೆ, ಆಮೇಲೆ ಎಷ್ಟೇ ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಹಾಗಾಗಿ ಉಳಿದ ಅನ್ನವನ್ನು ದೊಡ್ಡ ಉರಿಯಲ್ಲಿ ಹುರಿದು ಹೊಗೆಯಾಡುವಂತೆ ಕೊಟ್ಟರೂ ಅದು ಸುರಕ್ಷಿತ ಅಂತ ಅಲ್ಲ. ಆ ಅನ್ನವನ್ನು ಎಲ್ಲಿಟ್ಟಿದ್ದರು ಅನ್ನೋದೇ ಮುಖ್ಯ. ಕೌಂಟರ್ ಮೇಲೆ ಬುಟ್ಟಿಯಲ್ಲಿ ಬೆಳಗಿನಿಂದ ಇದ್ದರೆ ನಾನಂತೂ ತಿನ್ನಲ್ಲ.

ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ಬರುತ್ತಿದ್ದರೆ, ಕರಿಯುವ ಮೊದಲೇ ಹೊಗೆಯಾಡುತ್ತಿದ್ದರೆ ಬಿಟ್ಟುಬಿಡಿ. ದುಡ್ಡು ತಗೊಂಡ ಕೈಯಲ್ಲೇ ತಟ್ಟೆಗೆ ಹಾಕ್ತಾರಾ, ಟೇಬಲ್ ಒರೆಸಿದ ಬಟ್ಟೆಯಲ್ಲೇ ತಟ್ಟೆ ಒರೆಸ್ತಾರಾ ನೋಡಿ. ಹೊರಗಿನ ಹಾಳು ಮುಂಗಟ್ಟು ನೋಡಿ ಹೆದರಬೇಡಿ. ಒಂದೇ ಒಲೆ, ನಾಲ್ಕೇ ತಿಂಡಿ ಇರುವ ಗಾಡಿಯಲ್ಲಿ ಎಲ್ಲ ಕಣ್ಣೆದುರಿಗೇ ಆಗುತ್ತದೆ, ಮಾಡಿದ್ದು ಮಾಡಿದ ಹಾಗೆ ಖಾಲಿಯಾಗುತ್ತದೆ. ಅರವತ್ತು ತಿಂಡಿಯ ಮೆನು ಕೊಡುವ ಖಾಲಿ ಹೋಟೆಲಿಗಿಂತ ಅದು ನನಗೆ ಎಷ್ಟೋ ವಾಸಿ ಅನಿಸುತ್ತದೆ.

ಇನ್ನೊಂದು ಮಾತು. ದೊಡ್ಡ ರಜೆ ಮುಗಿದ ಮೊದಲ ವಾರ ಅಂಗಡಿಯಲ್ಲಿ ಬಿಸ್ಕೆಟ್, ಜ್ಯೂಸ್, ಹಾಲಿನ ಪದಾರ್ಥ ತಗೊಳ್ಳುವಾಗ ತಾರೀಖು ತಪ್ಪದೆ ನೋಡಿ. ರಜೆಯಲ್ಲಿ ಕೊಳ್ಳುವವರಿಲ್ಲದೆ ಹಳೇ ಸರಕು ಅಲ್ಲೇ ಉಳಿದಿರುತ್ತದೆ. ಅಂಗಡಿಯವರಿಗೂ ಸುಮ್ನೆ ಹೇಳಿ, ಹೆಚ್ಚಿನವರು ಬೇಸರವಿಲ್ಲದೆ ಬದಲಾಯಿಸಿ ಕೊಡ್ತಾರೆ.

ಪ್ರಶ್ನೆ: ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಪುಟಗಳೆಲ್ಲ ಅಸ್ತವ್ಯಸ್ತ. ಅಂಗಡಿಯವರ ತಪ್ಪಾ, ನನ್ನದಾ?
– ಎಂ.ಎ. ವಿದ್ಯಾರ್ಥಿ

ಉತ್ತರ: ಇದು ಸಾಮಾನ್ಯವಾಗಿ ಫೈಲಿನ ತಕರಾರು. ವರ್ಡ್ ಫೈಲ್ ಕೊಟ್ಟರೆ, ನಿಮ್ಮ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದಾಗ ಬೇರೆ ಫಾಂಟ್ ಬಂದು ಕೂರುತ್ತದೆ, ಸಾಲು ಜಾರುತ್ತದೆ, ಪುಟ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಪಿಡಿಎಫ್ ಮಾಡಿ ಕೊಡಿ. ಅಡೋಬಿ 1993ರಲ್ಲಿ ಪಿಡಿಎಫ್ ತಂದದ್ದೇ ಎಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಅಂತ. ಪೂರ್ತಿ ರಿಪೋರ್ಟ್ ತೆಗೆಸುವ ಮೊದಲು ಚಿತ್ರ, ಕೋಷ್ಟಕ ಇರುವ ಒಂದು ಪುಟ ತೆಗೆಸಿ ನೋಡಿ. ಮತ್ತೆ, ಅವರ ಕಂಪ್ಯೂಟರಿನಲ್ಲಿ ಮೇಲ್ ತೆರೆದಿದ್ದರೆ ಲಾಗೌಟ್ ಆಗಿ, ಡೌನ್‌ಲೋಡ್ಸ್‌ನಲ್ಲಿ ಉಳಿದ ಫೈಲ್ ಅಳಿಸಿ ಬನ್ನಿ. ಗುರುತಿನ ಚೀಟಿ, ಅಂಕಪಟ್ಟಿ ಆದರೆ ಇದನ್ನಂತೂ ಮರೀಬೇಡಿ. ಕೊನೆ ದಿನ ಎಲ್ಲರೂ ಅಲ್ಲೇ ಇರ್ತಾರೆ, ಮೆಷಿನ್ ಬಿಸಿಯಾಗಿ ಪೇಪರ್ ಸಿಕ್ಕಿಕೊಳ್ಳುತ್ತದೆ, ಬೈಂಡಿಂಗ್ ಅಂಟು ಒಣಗಲೂ ಹೊತ್ತು ಸಿಗಲ್ಲ. ಎರಡು ದಿನ ಮುಂಚೆ ಹೋಗಿ.

ಪ್ರಶ್ನೆ: ಯೂನಿವರ್ಸಿಟಿ ಹತ್ತಿರ ಪುಟ್ಟ ಹೋಟೆಲ್ ಇಟ್ಟಿದ್ದೇನೆ. ರಜೆ ಬಂದರೆ ವ್ಯಾಪಾರ ಇಲ್ಲ, ಬಾಡಿಗೆ ಮಾತ್ರ ತಪ್ಪಲ್ಲ. ಹುಡುಗರು ಲೆಕ್ಕ ಬರೆಸಿ ಊರಿಗೆ ಹೋಗಿಬಿಡ್ತಾರೆ. ಏನು ಮಾಡಲಿ?
– ಹೋಟೆಲ್ ಮಾಲೀಕರು

ಉತ್ತರ: ನಿಮ್ಮ ಕಷ್ಟ ನಿಜವಾದದ್ದು. ಹನ್ನೆರಡು ತಿಂಗಳ ಬಾಡಿಗೆಯನ್ನು ಏಳೆಂಟು ತಿಂಗಳ ವ್ಯಾಪಾರದಲ್ಲಿ ದುಡಿಯಬೇಕು. ಹಾಗಾಗಿ ವಿಶ್ವವಿದ್ಯಾಲಯದ ವೇಳಾಪಟ್ಟಿ ತಂದು ಗಲ್ಲಾದ ಪಕ್ಕ ಅಂಟಿಸಿ. ರಜೆ ಶುರುವಾಗುವ ವಾರಕ್ಕೆ ದಿನಸಿ ಕಡಿಮೆ ತರಿಸಿ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಒಂದೆರಡು ಗಂಟೆ ಜಾಸ್ತಿ ತೆರೆದಿಡಿ, ಓದುವವರಿಗೆ ಆಗ ಟೀ ಬೇಕೇ ಬೇಕು. ರಜೆಯಲ್ಲೂ ಕ್ಯಾಂಪಸ್‌ನಲ್ಲಿ ಉಳಿಯುವ ಸಂಶೋಧನಾ ವಿದ್ಯಾರ್ಥಿಗಳು, ಕಚೇರಿ ಸಿಬ್ಬಂದಿ, ಕಾವಲಿನವರನ್ನು ಮರೀಬೇಡಿ. ಅವರ ಊಟದ ಹೊತ್ತು ಕೇಳಿಕೊಂಡು ಅಷ್ಟಕ್ಕೇ ಒಲೆ ಹಚ್ಚಿ.

ಉದ್ದರಿ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳಲ್ಲ. ತಿಂಗಳ ಕೊನೆಯಲ್ಲಿ ಮನೆಯಿಂದ ದುಡ್ಡು ಬರದೆ ನಿಮ್ಮ ಹತ್ತಿರ ಊಟ ಮಾಡಿದ ಹುಡುಗ ನಿಮ್ಮನ್ನು ಮರೆಯುವುದಿಲ್ಲ. ಆದರೆ ಒಬ್ಬರಿಗೆ ಎಷ್ಟರವರೆಗೆ ಅಂತ ಮೊದಲೇ ಹೇಳಿ, ಎಲ್ಲರಿಗೂ ಒಂದೇ ಮಿತಿ ಇಡಿ. ಬರೆಸಿದ ದಿನವೇ ಅವರ ಮೊಬೈಲಿಗೂ ಒಂದು ಮೆಸೇಜ್ ಹೋಗಲಿ, ಆಮೇಲೆ ಜಗಳ ಇರಲ್ಲ. ಕೊನೆ ವರ್ಷದವರ ಲೆಕ್ಕವನ್ನು ಪರೀಕ್ಷೆ ಶುರುವಾಗುವ ಮೊದಲೇ ಚುಕ್ತಾ ಮಾಡಿಸಿಕೊಳ್ಳಿ.