ಹಾಯಿದೋಣಿ ವಾಲಿದಾಗ ಕೂವೆಮರವನ್ನು (ಹಾಯಿ ಕಟ್ಟುವ ಕಂಬ) ಹಿಡಿದಿಡುವ ಒಂದು ಬದಿಯ ತಂತಿ ಸಡಿಲವಾಗುತ್ತದೆ. ಬಿಗಿ ಮಾಡಬೇಕೆ?

ತುಸು ಸಡಿಲವಾದರೆ ಬೇಡ, ಜೋತಾಡುತ್ತಿದ್ದರೆ ಬೇಕು. ಗಾಳಿ ಬೀಸುವ ಬದಿಯ ತಂತಿ (ಶ್ರೌಡ್) ಭಾರಕ್ಕೆ ಹಿಗ್ಗಿದಷ್ಟೂ ಕೂವೆಮರ ಆಚೆ ವಾಲುತ್ತದೆ. ಎದುರು ಬದಿಯದು ಸಡಿಲಗೊಳ್ಳುತ್ತದೆ. ಜೋತಾಡುವ ತಂತಿ ಪ್ರತಿ ಅಲೆಗೂ ಜಗ್ಗಿ, ತುದಿಯ ಹಿಡಿಕೆಯ ಬಳಿ ಎಳೆ ಎಳೆಯಾಗಿ ಕಡಿಯುತ್ತದೆ.

ಕಾರವಾರದಲ್ಲಾದರೆ ಮಧ್ಯಾಹ್ನದ ಕಡಲಗಾಳಿ ಏಳುವ ಮುಂಚೆಯೇ, ಬೈತಖೋಲ ಬಂದರಿನಂಥ ಮರೆಯಲ್ಲಿ ಕೆಲಸ ಶುರು ಮಾಡಿ. ದೊಡ್ಡ ಹಾಯಿ ಏರಿಸುವ ಹಗ್ಗದ ತುದಿಯನ್ನು ಎರಡೂ ಬದಿಗೆ ತಾಗಿಸಿ ನೋಡಿ. ಅಳತೆ ಒಂದೇ ಇದ್ದರೆ ಕೂವೆಮರದ ತುದಿ ನಡುವೆ ಇದೆ ಎಂದರ್ಥ. ಈಗ ಮೇಲಿನ ಶ್ರೌಡ್ ಅನ್ನು ಕೈಯಲ್ಲೇ ಬಿಗಿದು, ತಂತಿಯ ಮೇಲೆ 2 ಮೀಟರ್ ಗುರುತು ಹಾಕಿ. 19 ಎಳೆಗಳ ಸಾಮಾನ್ಯ ಸ್ಟೀಲ್ ತಂತಿಯಲ್ಲಿ ಆ 2 ಮೀಟರ್ 1 ಮಿ.ಮೀ. ಹಿಗ್ಗಿದರೆ, ತುಂಡಾಗುವ ಭಾರದ ಸುಮಾರು 5% ಎಳೆತ. 3 ಮಿ.ಮೀ. ಸಾಕು. ಎರಡೂ ಬದಿಯ, ತಂತಿ ಬಿಗಿಯುವ ತಿರುಪಾದ ಟರ್ನ್‌ಬಕಲ್‌ಗೆ ಸಮ ಸುತ್ತು ಕೊಡಿ, ಗ್ರೀಸ್ ಮರೆಯಬೇಡಿ: ಒಣ ಸ್ಟೀಲ್ ತಿರುಪು ಕಚ್ಚಿಕೊಂಡರೆ ಗರಗಸವೇ ಗತಿ. ಕೆಳ ಶ್ರೌಡ್‌ಗಳನ್ನು ಆಮೇಲೆ, ಕೂವೆಮರ ನೆಟ್ಟಗಿರುವಷ್ಟೇ ಬಿಗಿಯಿರಿ.

ಹಳೇ ದೋಣಿಯಲ್ಲಿ ಬಿಗಿದ ತಂತಿ ವಾರದಲ್ಲೇ ಮತ್ತೆ ಸಡಿಲವಾದರೆ ಟರ್ನ್‌ಬಕಲ್ ಮುಟ್ಟಬೇಡಿ. ತಂತಿ ಕಟ್ಟಿದ ಪಟ್ಟಿ ಡೆಕ್ ದಾಟುವ ಕಡೆ ಮಳೆಗಾಲದ ನೀರು ಇಳಿದು ಒಳಗಿನ ಹಲಗೆ ಕೊಳೆತಿರಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅನ್ನದೆ ಬೊದ್ ಅಂದರೆ ಮೊದಲು ಬಡಗಿಯನ್ನು ಕರೆಸಿ.